ಹುಳುಕಡ್ಡಿಗೆ ಮುಲಾಮು: ಯಾವುದು, ಎಷ್ಟು, ಎಷ್ಟು ದಿನ?

ಕನಕಪುರ ತಾಲ್ಲೂಕಿನ ಕೋಡಿಹಳ್ಳಿ ಕಡೆಯ ಯಾವ ಮೆಡಿಕಲ್ ಸ್ಟೋರಿನ ಮುಂದೆ ಸ್ವಲ್ಪ ಹೊತ್ತು ನಿಂತರೂ ಈ ಮಾತು ಕಿವಿಗೆ ಬಿದ್ದೀತು: ‘ಅಣ್ಣಾ, ಹೋದ ಸಲ ಒಂದು ನವೆ ಟ್ಯೂಬ್ ಕೊಟ್ಟಿದ್ರಲ್ಲ, ಅದನ್ನೇ ಇನ್ನೊಂದು ಕೊಡಿ.’ ಮೊದಲ ಟ್ಯೂಬು ಹಚ್ಚಿದಾಗ ಮೂರೇ ದಿನಕ್ಕೆ ನವೆ ನಿಂತಿತ್ತು. ತಿಂಗಳು ತುಂಬುವಷ್ಟರಲ್ಲಿ ಅದೇ ಜಾಗದಲ್ಲಿ, ಮೊದಲಿಗಿಂತ ಅಗಲವಾಗಿ ತಿರುಗಿ ಬಂದಿದೆ. ಈಗ ಹೆಂಡತಿಗೂ ಹತ್ತಿದೆ, ಶಾಲೆಗೆ ಹೋಗುವ ಮಗನಿಗೂ ಹತ್ತಿದೆ.

ಔಷಧಿಯಲ್ಲಿ ದಮ್ಮಿಲ್ಲ ಎಂದು ದೂರುವವರೇ ಹೆಚ್ಚು. ಒಮ್ಮೊಮ್ಮೆ ಅದೂ ನಿಜವೇ. ಆದರೆ ಹೆಚ್ಚಿನ ಸಲ ತಪ್ಪಾಗಿರುವುದು ಮೂರು ಕಡೆ: ತಂದ ಟ್ಯೂಬೇ ಬೇರೆ ಜಾತಿಯದು, ಹಚ್ಚಿದ್ದು ಸಾಲದು, ಬಿಟ್ಟದ್ದು ಬೇಗ.

ಮುಲಾಮು ಹೇಗೆ ಕೆಲಸ ಮಾಡುತ್ತದೆ

ರೇಷ್ಮೆ ಸೀಮೆಯವರಿಗೆ ಬೂಷ್ಟಿನ ಸ್ವಭಾವ ಹೇಳಿಕೊಡಬೇಕಿಲ್ಲ. ಹುಳು ಸಾಕಿದವರೆಲ್ಲ ಸುಣ್ಣಕಟ್ಟು ಕಂಡವರೇ. ಹುಳುಮನೆಯಲ್ಲಿ ತೇವ ಹೆಚ್ಚಾಗಿ ಗಾಳಿಯಾಡದೆ ಹೋದರೆ ಹುಳು ಸತ್ತು, ಸುಣ್ಣ ಬಳಿದಂತೆ ಬೆಳ್ಳಗಾಗಿ ಸೆಟೆದುಕೊಳ್ಳುತ್ತದೆ. ಆ ಬಿಳಿ ಪುಡಿಯೆಲ್ಲ ಬೀಜಕಣ. ಸತ್ತ ಹುಳು ಆರಿಸಿ ಎಸೆದ ಮಾತ್ರಕ್ಕೆ ರೋಗ ಹೋಯಿತೆಂದು ಯಾವ ರೈತನೂ ನಂಬುವುದಿಲ್ಲ. ಹಾಸಿಗೆ ಒಣಗಿಸಿ, ತಟ್ಟೆ ತೊಳೆದು, ಮನೆಗೆಲ್ಲ ಮದ್ದು ಹೊಡೆದೇ ಮುಂದಿನ ಬೆಳೆ ಇಡುತ್ತಾನೆ. ಆ ಬೂಷ್ಟು ಬೇರೆ, ನಮ್ಮ ಮೈಗೆ ಹತ್ತುವ ಶಿಲೀಂಧ್ರ ಬೇರೆ. ಸ್ವಭಾವ ಮಾತ್ರ ಒಂದೇ: ಎರಡಕ್ಕೂ ತೇವ ಬೇಕು, ಕಣ್ಣಿಗೆ ಕಾಣದಷ್ಟು ಉಳಿದರೂ ಮತ್ತೆ ಏಳುತ್ತವೆ.

ಚರ್ಮದ ತೀರಾ ಹೊರಪದರ ಸತ್ತ ಕೋಶಗಳದು. ಅದರಲ್ಲಿರುವ ಕೆರಾಟಿನ್ ಎಂಬ ಪ್ರೋಟೀನೇ ಹುಳುಕಡ್ಡಿಯ ಶಿಲೀಂಧ್ರಕ್ಕೆ ಊಟ. ಒಂದು ಚುಕ್ಕಿಯಿಂದ ಶುರುವಾಗಿ ಸುತ್ತಲೂ ತಿನ್ನುತ್ತಾ ಹೊರಕ್ಕೆ ಸರಿಯುತ್ತದೆ. ಅದಕ್ಕೇ ನಡುವೆ ತಿಳಿಯಾಗಿ, ಅಂಚು ಮಾತ್ರ ಕೆಂಪಗೆ ಉಬ್ಬಿ, ಸಣ್ಣ ಹೊಟ್ಟು ಏಳುತ್ತಾ ಉಂಗುರದ ಆಕಾರ ಬರುವುದು. ಶಿಲೀಂಧ್ರ ಜೋರಾಗಿರುವುದು ಆ ಅಂಚಿನಲ್ಲಿ ಮತ್ತು ಅಂಚಿನಾಚೆ, ಇನ್ನೂ ಏನೂ ಆಗಿಲ್ಲವೆಂದು ಕಾಣುವ ಚರ್ಮದಲ್ಲಿ.

ಶಿಲೀಂಧ್ರದ ಕೋಶದ ಪೊರೆಗೆ ಎರ್ಗೊಸ್ಟೆರಾಲ್ ಎಂಬ ಕೊಬ್ಬಿನಂಥ ವಸ್ತು ಬೇಕು. ನಮ್ಮ ಕೋಶಗಳಲ್ಲಿ ಅದಿಲ್ಲ, ಆ ಜಾಗದಲ್ಲಿ ಕೊಲೆಸ್ಟೆರಾಲ್ ಇದೆ. ಕ್ಲೋಟ್ರಿಮಜೋಲ್, ಮೈಕೊನಜೋಲ್, ಕೀಟೊಕೊನಜೋಲ್, ಲುಲಿಕೊನಜೋಲ್, ಟರ್ಬಿನಫಿನ್ ಇವೆಲ್ಲ ಎರ್ಗೊಸ್ಟೆರಾಲ್ ತಯಾರಾಗುವುದನ್ನೇ ಒಂದೊಂದು ಹಂತದಲ್ಲಿ ತಡೆಯುತ್ತವೆ. ಪೊರೆ ಕೆಟ್ಟ ಶಿಲೀಂಧ್ರ ಬೆಳೆಯಲಾರದು. ಆದರೆ ಅದು ಕೂತಿರುವ ಸತ್ತ ಪದರ ಉದುರಿ, ಕೆಳಗಿನಿಂದ ಹೊಸ ಚರ್ಮ ಬರಬೇಕಲ್ಲ? ಅದಕ್ಕೆ ಸುಮಾರು ನಾಲ್ಕು ವಾರ ಹಿಡಿಯುತ್ತದೆ. ಉರಿಯೂತ ತಗ್ಗಿ ನವೆ ನಿಲ್ಲುವುದು ಅದಕ್ಕಿಂತ ಎಷ್ಟೋ ಮೊದಲು. ನೀವು ಟ್ಯೂಬು ಬಿಸಾಡುವ ದಿನ ಶಿಲೀಂಧ್ರ ಇನ್ನೂ ಮನೆಯೊಳಗೇ ಇರುತ್ತದೆ.

ಈ ಟ್ಯೂಬುಗಳು ಬರುವ ಮುಂಚೆ ಸೀಮೆ ಅಗಸೆ ಸೊಪ್ಪು ಅರೆದು ಹಚ್ಚುತ್ತಿದ್ದರು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಬಂದ, ಬೆಂಜೋಯಿಕ್ ಮತ್ತು ಸ್ಯಾಲಿಸಿಲಿಕ್ ಆಮ್ಲ ಬೆರೆಸಿದ ವಿಟ್‌ಫೀಲ್ಡ್ ಮುಲಾಮು ಈಗಲೂ ಅಲ್ಲಲ್ಲಿ ಸಿಗುತ್ತದೆ. ಚುರುಗುಟ್ಟಿದರೂ ಕೆಲಸ ಮಾಡುವ ಮದ್ದೇ ಅದು.

ಮೊದಲು ಇದು ಹುಳುಕಡ್ಡಿಯೇ ನೋಡಿ

ತೊಡೆಸಂದಿ, ಸೊಂಟದ ಸುತ್ತ, ಕಂಕುಳು, ಮೊಲೆಯ ಕೆಳಗೆ, ಪೃಷ್ಠ: ಬೆವರು ನಿಲ್ಲುವ ಕಡೆ ಉಂಗುರ, ಅಂಚಿನಲ್ಲಿ ಹೊಟ್ಟು, ಬೆವರಿದಾಗ ಜಾಸ್ತಿಯಾಗುವ ನವೆ. ಇಷ್ಟಿದ್ದರೆ ಬಹುತೇಕ ಹುಳುಕಡ್ಡಿ. ಕಾಲಿನ ಕಿರುಬೆರಳ ಸಂದಿ ಬೆಳ್ಳಗೆ ನೆನೆದಂತಾಗಿ ಬಿರಿದರೆ ಅದು ಕೆಸರುಹುಣ್ಣು. ಎದೆ ಬೆನ್ನಿನ ಮೇಲೆ ನವೆಯಿಲ್ಲದ, ಕೆರೆದರೆ ಹೊಟ್ಟು ಬರುವ ತಿಳಿ ಬಣ್ಣದ ಮಚ್ಚೆ ಚಿಬ್ಬು. ಇವೆರಡಕ್ಕೂ ಶಿಲೀಂಧ್ರನಾಶಕ ಮದ್ದೇ ಬೇಕು. ಚಿಬ್ಬು ವಾಸಿಯಾದರೂ ಬಣ್ಣ ಕೂಡಿಕೊಳ್ಳಲು ತಿಂಗಳುಗಳು ಬೇಕು, ಅದಕ್ಕಾಗಿ ಮುಲಾಮು ಬಳಿಯುತ್ತಲೇ ಇರಬೇಕಿಲ್ಲ.

ಹುಳು ಸಾಕುವವರಿಗೆ ಇನ್ನೊಂದು ಮಾತು. ಹಾಸಿಗೆಗೆ ಸುಣ್ಣ ಎರಚಿ, ಬ್ಲೀಚಿಂಗ್ ಪುಡಿ ಕಲಸಿ, ಅಂಗೈ ಉರಿದು ಸಿಪ್ಪೆ ಏಳುವುದುಂಟು. ಅದು ಮದ್ದಿನ ಉರಿಯೇ ಹೊರತು ಶಿಲೀಂಧ್ರವಲ್ಲ, ಕೈಗವಸು ಹಾಕಿಕೊಂಡರೆ ನಿಲ್ಲುತ್ತದೆ. ರಾಮನಗರ ಕಡೆ ನೂಲು ಬಿಚ್ಚುವವರದು ಬೇರೆ ಪಾಡು. ಇಡೀ ದಿನ ಬಿಸಿನೀರಿನಲ್ಲಿ ಕೈಯಾಡಿಸಿ ಉಗುರಿನ ಬುಡ ಊದಿಕೊಂಡು ನೋಯುತ್ತದೆ. ಅಲ್ಲಿ ಕ್ಯಾಂಡಿಡಾ ಎಂಬ ಇನ್ನೊಂದು ಶಿಲೀಂಧ್ರ ಸೇರಿಕೊಂಡಿರಬಹುದು, ಕೀವೂ ಇರಬಹುದು. ವೈದ್ಯರೇ ನೋಡಬೇಕು.

ನವೆಯಿಲ್ಲದ, ಸೂಜಿ ಚುಚ್ಚಿದರೂ ತಿಳಿಯದ, ಮುಟ್ಟಿದರೆ ಜೋಮು ಹಿಡಿದಂತಿರುವ ತಿಳಿ ಮಚ್ಚೆ ಕಂಡರೆ ಯಾವ ಮುಲಾಮನ್ನೂ ಹಚ್ಚಬೇಡಿ. ನೇರ ಸರ್ಕಾರಿ ಆಸ್ಪತ್ರೆಗೆ ಹೋಗಿ. ಅದು ಕುಷ್ಠದ ಮೊದಲ ಗುರುತಾಗಿರಬಹುದು. ಔಷಧಿ ಉಚಿತ, ಬೇಗ ಹಿಡಿದರೆ ಪೂರ್ತಿ ವಾಸಿಯಾಗುತ್ತದೆ.

ಟ್ಯೂಬಿನ ಮೇಲೆ ಏನು ಬರೆದಿದೆ?

ಟ್ಯೂಬಿನ ಮೇಲೆ ದೊಡ್ಡಕ್ಷರದ ಹೆಸರು ಕಂಪನಿಯದು, ಅದನ್ನು ಬಿಡಿ. ಅದರ ಕೆಳಗಿನ ಸಣ್ಣಕ್ಷರ ಓದಿ. ಕಣ್ಣಿಗೆ ನಿಲುಕದಿದ್ದರೆ ಹೈಸ್ಕೂಲಿಗೆ ಹೋಗುವ ಮಗಳಿಂದ ಓದಿಸಿ. ಅಲ್ಲಿ ‘ಕ್ಲೋಟ್ರಿಮಜೋಲ್ 1 ಪರ್ಸೆಂಟ್’ ಎಂದೋ ‘ಲುಲಿಕೊನಜೋಲ್ 1 ಪರ್ಸೆಂಟ್’ ಎಂದೋ ಒಂದೇ ಔಷಧಿಯ ಹೆಸರಿದ್ದರೆ ಸರಿಯಾದ ಟ್ಯೂಬು. ಮೂರು, ನಾಲ್ಕು ಹೆಸರುಗಳು ಸಾಲಾಗಿದ್ದರೆ ಅನುಮಾನಪಡಿ. ಅದರೊಳಗೆ ಶಿಲೀಂಧ್ರನಾಶಕದ ಜೊತೆ ಒಂದು ಆಂಟಿಬಯಾಟಿಕ್ ಮತ್ತು ಒಂದು ಸ್ಟೀರಾಯ್ಡ್ ಇರುವುದೇ ಹೆಚ್ಚು. ಸ್ಟೀರಾಯ್ಡಿನ ಹೆಸರುಗಳು ಇವು: ಬೀಟಾಮೆಥಾಸೋನ್, ಬೆಕ್ಲೊಮೆಥಾಸೋನ್, ಮೊಮೆಟಾಸೋನ್, ಕ್ಲೋಬೆಟಾಸಾಲ್. ಕ್ಲೋಟ್ರಿಮಜೋಲ್, ಕ್ಲೋಬೆಟಾಸಾಲ್ ಎರಡೂ ಶುರುವಾಗುವುದು ‘ಕ್ಲೋ’ ಎಂದೇ. ಒಂದು ಶಿಲೀಂಧ್ರವನ್ನು ಕೊಲ್ಲುತ್ತದೆ, ಇನ್ನೊಂದು ಸಾಕುತ್ತದೆ. ಅರ್ಧ ಹೆಸರು ಓದಿ ತೃಪ್ತರಾಗಬೇಡಿ.

ಸ್ಟೀರಾಯ್ಡ್ ಕೆಟ್ಟ ಔಷಧಿಯೇನಲ್ಲ. ಇಸುಬು, ಸೋರಿಯಾಸಿಸ್‌ಗೆ ಅದೇ ಬೇಕು. ಆದರೆ ಅದರ ಕೆಲಸ ದೇಹದ ಪ್ರತಿರೋಧವನ್ನು ತಗ್ಗಿಸುವುದು. ಹುಳುಕಡ್ಡಿಯ ಮೇಲೆ ಹಚ್ಚಿದರೆ ಕೆಂಪು ಆರುತ್ತದೆ, ನವೆ ಎರಡು ದಿನಕ್ಕೆ ಮಾಯ. ಕಾವಲಿಲ್ಲದ ಚರ್ಮದಲ್ಲಿ ಶಿಲೀಂಧ್ರ ಸದ್ದಿಲ್ಲದೆ ಹಬ್ಬುತ್ತದೆ. ಉಂಗುರದ ಆಕಾರವೇ ಅಳಿಸಿಹೋಗಿ ವೈದ್ಯರಿಗೂ ಗುರುತು ಸಿಗದಂತಾಗುತ್ತದೆ. ತಿಂಗಳುಗಟ್ಟಲೆ ಹಚ್ಚಿದವರ ತೊಡೆಸಂದಿಯಲ್ಲಿ ಚರ್ಮ ತೆಳುವಾಗಿ, ಬಸುರಿಯ ಹೊಟ್ಟೆಯ ಮೇಲಿರುವಂಥ ಗೆರೆಗಳು ಅಗಲವಾಗಿ ಮೂಡುತ್ತವೆ. ಅವು ಜೀವಮಾನವಿಡೀ ಹೋಗುವುದಿಲ್ಲ.

ಸ್ಟೀರಾಯ್ಡ್ ಮುಲಾಮುಗಳ ದುರ್ಬಳಕೆಯ ಬಗ್ಗೆ ದೇಶದ ಚರ್ಮವೈದ್ಯರ ಸಂಘ ವರ್ಷಗಟ್ಟಲೆ ಕೂಗಿದ ಮೇಲೆ, 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಸ್ಟೀರಾಯ್ಡುಗಳ ಮುಲಾಮನ್ನು ಚೀಟಿ ಇಲ್ಲದೆ ಮಾರುವಂತಿಲ್ಲ ಎಂಬ ಷೆಡ್ಯೂಲ್ ಎಚ್ ನಿಯಮದ ಕೆಳಗೆ ತಂದಿತು. ನಿಯಮ ಕಾಗದದಲ್ಲಿದೆ, ಟ್ಯೂಬು ಕೌಂಟರಿನಲ್ಲಿದೆ. ಅಂಗಡಿಯವನನ್ನಷ್ಟೇ ದೂರಿ ಏನು ಪ್ರಯೋಜನ? ‘ಬೇಗ ನವೆ ನಿಲ್ಲೋದು ಕೊಡಿ’ ಎಂದು ಕೇಳುವವರು ನಾವೇ. ‘ಸ್ಟೀರಾಯ್ಡ್ ಇಲ್ಲದ್ದು ಕೊಡಿ’ ಎಂದು ಕೇಳಿ ನೋಡಿ, ಅದೂ ಸಿಗುತ್ತದೆ.

ಈ ಎಚ್ಚರ ಈಗ ಮೊದಲಿಗಿಂತ ಹೆಚ್ಚು ಬೇಕು. ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ನಮ್ಮ ದೇಶದಲ್ಲಿ ಸುಲಭಕ್ಕೆ ಬಗ್ಗದ ಹುಳುಕಡ್ಡಿ ಹಬ್ಬಿದೆ. 2020ರಲ್ಲಿ ಜಪಾನಿನ ಸಂಶೋಧಕರು ಭಾರತ ಮತ್ತು ನೇಪಾಳ ಮೂಲದ ರೋಗಿಗಳಲ್ಲಿ ಕಂಡ ಈ ಶಿಲೀಂಧ್ರವನ್ನು ಟ್ರೈಕೊಫೈಟಾನ್ ಇಂಡೊಟಿನಿಯೇ ಎಂದು ಹೆಸರಿಸಿದರು. ಟರ್ಬಿನಫಿನ್‌ಗೆ ಇದರ ಹಲವು ತಳಿಗಳು ಜಗ್ಗುವುದಿಲ್ಲ.

ಹಚ್ಚುವ ಕ್ರಮ

1. ಸ್ನಾನ ಮಾಡಿ, ಒಣ ಬಟ್ಟೆಯಿಂದ ಒತ್ತಿ ಒರೆಸಿ. ಉಜ್ಜಬೇಡಿ. ಸಂದಿಗಳು ಪೂರಾ ಆರುವ ತನಕ ನಾಲ್ಕೈದು ನಿಮಿಷ ಕಾಯಿರಿ. ಒದ್ದೆ ಚರ್ಮದ ಮೇಲೆ ಬಳಿದ ಮುಲಾಮು ಬಟ್ಟೆಗೆ ಅಂಟಿ ಹೋಗುತ್ತದೆ.

2. ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಟ್ಯೂಬಿನಿಂದ ಒಂದು ಗೆರೆ ಎಳೆಯಿರಿ. ದೊಡ್ಡವರ ಬೆರಳಿನಲ್ಲಿ ಅದು ಸುಮಾರು ಅರ್ಧ ಗ್ರಾಂ. ಬೆರಳು ಸೇರಿ ಎರಡು ಅಂಗೈಯಷ್ಟು ಜಾಗಕ್ಕೆ ಅಷ್ಟು ಸಾಕು, ಅದಕ್ಕಿಂತ ಕಡಿಮೆ ಸಾಲದು.

3. ಹೊರಗಿನಿಂದ ಒಳಕ್ಕೆ ಬನ್ನಿ. ಕೆಂಪು ಅಂಚಿನಿಂದ ಎರಡು ಸೆಂಟಿಮೀಟರ್ ಆಚೆ, ಅಂದರೆ ಹೆಬ್ಬೆರಳಿನ ಅಗಲದಷ್ಟು ದೂರದ ಚೆನ್ನಾಗಿರುವ ಚರ್ಮದಿಂದ ಶುರುಮಾಡಿ ನಡುವಿಗೆ ಸವರಿ. ಒಳಗಿನಿಂದ ಹೊರಕ್ಕೆ ತಿಕ್ಕಿದರೆ ಬೀಜಕಣಗಳನ್ನು ನೀವೇ ಹೊಸ ಜಾಗಕ್ಕೆ ದಾಟಿಸಿದಂತೆ.

4. ಬಿಳಿಯ ಪದರ ಉಳಿಯದಂತೆ ಮೆಲ್ಲಗೆ ಸವರಿದರೆ ಸಾಕು. ದಪ್ಪ ಬಳಿದರೆ ಬೇಗ ವಾಸಿಯಾಗದು. ಮೇಲೆ ಬಟ್ಟೆ ಕಟ್ಟಬೇಡಿ.

5. ಕ್ಲೋಟ್ರಿಮಜೋಲ್, ಮೈಕೊನಜೋಲ್ ಆದರೆ ದಿನಕ್ಕೆ ಎರಡು ಸಲ. ಲುಲಿಕೊನಜೋಲ್ ಒಂದೇ ಸಲ. ಉಳಿದವಕ್ಕೆ ವೈದ್ಯರು ಅಥವಾ ಒಳಗಿನ ಚೀಟಿ ಹೇಳಿದಂತೆ. ಒಂದೇ ಹೊತ್ತಿನದಾದರೆ ರಾತ್ರಿ ಮಲಗುವ ಮುನ್ನ ಒಳ್ಳೆಯದು. ಹೊಲದ ಬೆವರಿನಲ್ಲಿ ತೊಳೆದುಹೋಗುವುದಿಲ್ಲ.

6. ಕೈ ಸೋಪಿನಿಂದ ತೊಳೆಯಿರಿ, ಹಚ್ಚುವ ಮೊದಲೂ ಆಮೇಲೂ.

7. ಅಂಚು ಚಪ್ಪಟೆಯಾಗಿ, ಹೊಟ್ಟು ನಿಂತು, ನವೆ ಇಲ್ಲದಾದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಅಲ್ಲಿಂದ ಇನ್ನೂ ಎರಡು ವಾರ ಹಚ್ಚಿ.

ಕೊನೆಯ ಅಂಶದಲ್ಲೇ ಜನ ಸೋಲುವುದು. ಚರ್ಮ ಚಪ್ಪಟೆಯಾಯಿತೇ ಎಂದು ತಿಳಿಯಲು ಕತ್ತಲೆಯಲ್ಲಿ ಮೊಬೈಲ್ ಟಾರ್ಚನ್ನು ಪಕ್ಕದಿಂದ, ಓರೆಯಾಗಿ ಹಿಡಿದು ನೋಡಿ. ಅಂಚು ಉಬ್ಬಿದ್ದರೆ ನೆರಳು ಬೀಳುತ್ತದೆ. ಉಗುರಿನಿಂದ ಹಗುರಾಗಿ ಗೀಚಿದರೆ ಹೊಟ್ಟು ಬರುತ್ತದೆಯೇ ನೋಡಿ. ಎರಡೂ ಇಲ್ಲದೆ ಬರೀ ಕಪ್ಪು ಕಲೆ ಉಳಿದಿದ್ದರೆ ಅದು ರೋಗವಲ್ಲ. ನಮ್ಮ ಮೈಬಣ್ಣಕ್ಕೆ ಆ ಕಲೆ ಆರಲು ತಿಂಗಳುಗಳು ಬೇಕು.

ಎಷ್ಟು ಟ್ಯೂಬು ಬೇಕು?

ಎರಡೂ ತೊಡೆಸಂದಿಯಲ್ಲಿ ಹುಳುಕಡ್ಡಿ ಇದೆ ಎನ್ನಿ. ಅಂಚಿನಾಚೆಯ ಜಾಗವೂ ಸೇರಿ ಒಂದೊಂದು ಕಡೆಗೆ ಒಂದು ಬೆರಳ ಗೆರೆ, ಅಂದರೆ ಒಂದು ಸಲಕ್ಕೆ ಒಂದು ಗ್ರಾಂ. ದಿನಕ್ಕೆ ಎರಡು ಸಲವಾದರೆ ಎರಡು ಗ್ರಾಂ. ಹದಿನೈದು ಗ್ರಾಮಿನ ಟ್ಯೂಬು ಏಳೆಂಟು ದಿನಕ್ಕೆ ಖಾಲಿ. ನಾಲ್ಕು ವಾರಕ್ಕೆ ನಾಲ್ಕು ಟ್ಯೂಬು ಬೇಕು. ಮನೆಯಲ್ಲಿ ಮೂವರಿಗಿದ್ದರೆ ಹತ್ತಕ್ಕೂ ಹೆಚ್ಚು. ನಾವು ಮಾಡುವುದೇನು? ಒಂದು ಟ್ಯೂಬು ತಂದು, ಕಿಟಕಿ ಮೇಲಿಟ್ಟು, ಮನೆಮಂದಿಯೆಲ್ಲ ನವೆಯಾದಾಗ ಮಾತ್ರ ಚೂರು ಚೂರು ಹಚ್ಚಿ, ಮೂರು ತಿಂಗಳು ಎಳೆಯುತ್ತೇವೆ.

ಖರ್ಚಾಗುತ್ತದೆ, ನಿಜ. ದುಬಾರಿ ಮುಲಾಮನ್ನು ಕಾಲುಭಾಗ ಹಚ್ಚುವುದಕ್ಕಿಂತ ಅಗ್ಗದ ಕ್ಲೋಟ್ರಿಮಜೋಲನ್ನು ಪೂರಾ ಹಚ್ಚುವುದೇ ಮೇಲು ಎಂಬುದು ನನ್ನ ಅಭಿಪ್ರಾಯ. ಜನೌಷಧಿ ಕೇಂದ್ರಗಳಲ್ಲಿ ಇದು ಕಡಿಮೆ ಬೆಲೆಗೆ ಸಿಗುತ್ತದೆ, ಸರ್ಕಾರಿ ಆಸ್ಪತ್ರೆಯಲ್ಲೂ ಕೇಳಿ. ಮನೆಯಲ್ಲಿ ಯಾರ‍್ಯಾರಿಗೆ ಇದೆಯೋ ಅಷ್ಟೂ ಜನ ಒಂದೇ ದಿನ ಶುರುಮಾಡಿ. ಗಂಡ ವಾಸಿಮಾಡಿಕೊಳ್ಳುವಷ್ಟರಲ್ಲಿ ಹೆಂಡತಿಗೆ, ಆಕೆ ವಾಸಿಯಾಗುವಷ್ಟರಲ್ಲಿ ಮತ್ತೆ ಗಂಡನಿಗೆ ಎಂದು ಸುತ್ತುತ್ತಿದ್ದರೆ ಮುಗಿಯುವುದೇ ಇಲ್ಲ. ‘ಅಲ್ಲಿ’ ಆಗಿದೆ ಎಂದು ಅತ್ತೆಯೋ ಸೊಸೆಯೋ ಬಾಯಿಬಿಡದೆ ಇರುವುದು ಬಹಳ. ಬೆವರಿನ ರೋಗಕ್ಕೆ ನಾಚಿಕೆ ಬೇಡ.

ಉಡುದಾರ, ಲಂಗದ ಲಾಡಿ, ಒಣಗದ ಬಟ್ಟೆ

ಹುಳುಕಡ್ಡಿ ಸೊಂಟದ ಸುತ್ತ ಪಟ್ಟಿಯಂತೆ ಬಂದಿದ್ದರೆ ಮೊದಲು ಉಡುದಾರ ನೋಡಿ. ವರ್ಷಗಟ್ಟಲೆ ಬೆವರು ಕುಡಿದು ಕಪ್ಪಾದ ಆ ನೂಲಿನಲ್ಲಿ ಶಿಲೀಂಧ್ರ ಉಳಿಯುತ್ತದೆ. ಮುಲಾಮು ಹಚ್ಚಿದ ಜಾಗವನ್ನು ಅದು ದಿನವೂ ಸವರುತ್ತಿರುತ್ತದೆ. ವಾಸಿಯಾಗುವ ತನಕ ತೆಗೆದಿಡಿ, ಆಮೇಲೆ ಹೊಸದು ಕಟ್ಟಿಕೊಳ್ಳಿ. ಮನಸ್ಸು ಒಪ್ಪದಿದ್ದರೆ ಬೆಳ್ಳಿಯದನ್ನು ಹಾಕಿಕೊಂಡು ದಿನವೂ ತೊಳೆದು ಒರೆಸಿ. ತಾಯತದ ದಾರಕ್ಕೂ ಇದೇ ಮಾತು. ಹೆಂಗಸರು ಲಂಗದ ಲಾಡಿಯನ್ನು ದಿನವೂ ಒಂದೇ ಗೆರೆಯಲ್ಲಿ ಬಿಗಿಯಾಗಿ ಕಟ್ಟುವುದರಿಂದ ಅಲ್ಲಿ ಬೆವರು ನಿಂತು ಉಂಗುರ ಏಳುತ್ತದೆ. ಸಡಿಲವಾಗಿ, ಸ್ವಲ್ಪ ಮೇಲೆ ಕೆಳಗೆ ಕಟ್ಟಿ. ಕಾಲುಂಗುರದ ಕೆಳಗೂ ಒರೆಸಿ.

ಹಾರೋಹಳ್ಳಿ, ಬಿಡದಿಯ ಕಾರ್ಖಾನೆಗಳಿಗೆ ಬಸ್ಸಿನಲ್ಲಿ ಹೋಗಿಬರುವ ಹುಡುಗರ ಬಿಗಿ ಜೀನ್ಸು ಇಡೀ ದಿನ ಬೆವರು ಹಿಡಿದಿಡುತ್ತದೆ. ರೋಗ ಇರುವಷ್ಟು ದಿನ ಸಡಿಲ ಹತ್ತಿ ಬಟ್ಟೆ, ದಿನಕ್ಕೊಂದು ಒಗೆದ ಒಳಉಡುಪು. ರೋಗಿಯ ಟವೆಲ್ಲು, ಪಂಚೆ, ಹಾಸಿಗೆ ಹೊದಿಕೆ ಬೇರೆ ಇರಲಿ. ಚೆನ್ನಾಗಿ ಬಿಸಿಯಾದ, 60 ಡಿಗ್ರಿಯಷ್ಟಿರುವ ನೀರಿನಲ್ಲಿ ಅರ್ಧ ಗಂಟೆ ನೆನೆಸಿ ಒಗೆದು, ಒಳಮೈ ಹೊರಗೆ ಮಾಡಿ ಬಿಸಿಲಿಗೆ ಹಾಕಿ. ಉಗುರುಬೆಚ್ಚಗಿನ ನೀರಿಗೆ ಶಿಲೀಂಧ್ರ ಸಾಯುವುದಿಲ್ಲ. ಮಳೆಗಾಲದಲ್ಲಿ ಬಟ್ಟೆ ಆರದಿದ್ದರೆ ಇಸ್ತ್ರಿ ಪೆಟ್ಟಿಗೆ ಆಡಿಸಿ.

ಕರುವಿನ ಮುಖದ ಮೇಲೆ, ಕಣ್ಣಿನ ಸುತ್ತ ಬೂದಿ ಬಣ್ಣದ ಹೆಕ್ಕಳೆ ಎದ್ದಿದ್ದರೆ ಅದೂ ಹುಳುಕಡ್ಡಿಯೇ ಇರಬಹುದು. ಅದನ್ನು ಮುದ್ದಾಡುವ ಮಕ್ಕಳ ಕೈ ಮುಖಕ್ಕೆ ಅಲ್ಲಿಂದಲೇ ಬರುತ್ತದೆ. ಪಶುವೈದ್ಯರಿಗೂ ತೋರಿಸಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಬೆಳ್ಳುಳ್ಳಿ ಅರೆದು ಕಟ್ಟುವುದು, ಸೀಮೆಎಣ್ಣೆ, ಸುಣ್ಣ, ಬ್ಲೀಚಿಂಗ್ ನೀರು ಹಚ್ಚುವುದು: ಇವು ಚರ್ಮ ಸುಡುತ್ತವೆ. ಹುಳುಮನೆಯ ಮದ್ದು ಹುಳುಮನೆಗೇ ಇರಲಿ.

ನವೆ ಪುಡಿಯನ್ನೇ ಚಿಕಿತ್ಸೆ ಎಂದುಕೊಳ್ಳುವುದು ಇನ್ನೊಂದು. ಪುಡಿ ಬೆವರು ಹೀರುತ್ತದೆ ಅಷ್ಟೆ. ಮುಲಾಮಿನ ಮೇಲೆಯೇ ಉದುರಿಸಿದರೆ ಎರಡೂ ಸೇರಿ ಗಂಟಾಗುತ್ತದೆ.

ಮೈಗೆಲ್ಲ ಎಣ್ಣೆ ತಿಕ್ಕಿ ಅದರ ಮೇಲೆ ಮುಲಾಮು ಹಚ್ಚುವುದು, ಕಲ್ಲಿನಿಂದ ಉಜ್ಜಿ ಸಿಪ್ಪೆ ತೆಗೆಯುವುದು, ವಾರಕ್ಕೊಂದು ಬ್ರಾಂಡ್ ಬದಲಿಸುವುದು. ಯಾವುದಕ್ಕೂ ಎರಡು ವಾರವಾದರೂ ಸಮಯ ಕೊಡದೆ ತೀರ್ಪು ಹೇಳಬಾರದು.

ಅಂಗಡಿಯಿಂದ ಇಟ್ರಕೊನಜೋಲ್ ಮಾತ್ರೆ ತಂದು ಐದು ದಿನ ನುಂಗಿ ಬಿಡುವುದು ಎಲ್ಲಕ್ಕಿಂತ ಅಪಾಯ. ಯಕೃತ್ತಿನ ತೊಂದರೆ, ಹೃದಯದ ತೊಂದರೆ ಇರುವವರಿಗೆ, ಬೇರೆ ಮಾತ್ರೆ ನುಂಗುವವರಿಗೆ ಅದು ಆಗಿಬರುವುದಿಲ್ಲ. ವೈದ್ಯರು ಬರೆದರೆ ಮಾತ್ರ, ಬರೆದಷ್ಟು ದಿನ.

ಯಾವಾಗ ವೈದ್ಯರ ಹತ್ತಿರ?

ಮುಲಾಮು ಎಲ್ಲ ಕಡೆಗೂ ಆಗದು. ಮಕ್ಕಳ ತಲೆಯಲ್ಲಿ ಹುಳುಕಡ್ಡಿಯಾಗಿ ಕೂದಲು ಉದುರುತ್ತಿದ್ದರೆ ಶಿಲೀಂಧ್ರ ಕೂದಲ ಬುಡದೊಳಗಿರುತ್ತದೆ, ಮಾತ್ರೆಯೇ ಬೇಕು. ಉಗುರಿಗೂ ಹೆಚ್ಚಾಗಿ ಹಾಗೆಯೇ. ಮೈಯ ಹಲವು ಕಡೆ ಹಬ್ಬಿದ್ದರೆ, ಮುಖಕ್ಕೆ ಬಂದಿದ್ದರೆ, ಕೀವು ಅಥವಾ ಜ್ವರ ಇದ್ದರೆ, ಸಕ್ಕರೆ ಕಾಯಿಲೆ ಇದ್ದರೆ, ಬಸುರಿ ಬಾಣಂತಿಯರಾಗಿದ್ದರೆ, ಎರಡು ವರ್ಷದೊಳಗಿನ ಮಗುವಾಗಿದ್ದರೆ ನೀವೇ ಶುರುಮಾಡಬೇಡಿ. ಪದೇ ಪದೇ ಬರುತ್ತಿದ್ದರೆ ಸಕ್ಕರೆ ಒಮ್ಮೆ ಪರೀಕ್ಷಿಸಿ. ಕ್ರಮವಾಗಿ ಹಚ್ಚಿಯೂ ಎರಡು ವಾರದಲ್ಲಿ ಕೊಂಚವೂ ತಗ್ಗದಿದ್ದರೆ, ನಾಲ್ಕು ವಾರದಲ್ಲಿ ಹೋಗದಿದ್ದರೆ ಚರ್ಮವೈದ್ಯರನ್ನು ಕಾಣಬೇಕು.

ಈಗಾಗಲೇ ಸ್ಟೀರಾಯ್ಡ್ ಬೆರೆತ ಟ್ಯೂಬು ಹಚ್ಚಿದ್ದೀರಾ? ನಿಲ್ಲಿಸಿದ ಕೆಲವೇ ದಿನಕ್ಕೆ ಕೆಂಪು, ಉರಿ, ನವೆ ಮೊದಲಿಗಿಂತ ಜೋರಾಗಿ ಏಳಬಹುದು. ಆ ಉರಿಗೆ ಹೆದರಿ ಹಳೆಯ ಟ್ಯೂಬಿಗೇ ಮರಳುವವರು ಬಹಳ ಜನ. ಮರಳದೆ ಆಸ್ಪತ್ರೆಗೆ ಹೋಗಿ. ಕನಕಪುರದ ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ, ಬೇಕೆನಿಸಿದರೆ ಅವರೇ ಬೆಂಗಳೂರಿನ ವಿಕ್ಟೋರಿಯಾದಂಥ ದೊಡ್ಡಾಸ್ಪತ್ರೆಯ ಚರ್ಮ ವಿಭಾಗಕ್ಕೆ ಬರೆದುಕೊಡುತ್ತಾರೆ. ಅಲ್ಲಿ ಅಂಚಿನ ಹೊಟ್ಟನ್ನು ಕೆರೆದು, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ನೋವಿಲ್ಲದ, ಬೇಗ ಮುಗಿಯುವ ಪರೀಕ್ಷೆ.

ಹೋಗುವ ದಿನ ಬೆಳಿಗ್ಗೆ ಏನೂ ಹಚ್ಚಬೇಡಿ. ಇಲ್ಲಿಯವರೆಗೆ ಹಚ್ಚಿದ ಟ್ಯೂಬುಗಳು, ನುಂಗಿದ ಮಾತ್ರೆಯ ಹಾಳೆಗಳು ಖಾಲಿಯಾಗಿದ್ದರೂ ಒಂದು ಕವರಿಗೆ ಹಾಕಿಕೊಂಡು ಹೋಗಿ. ಯಾವುದನ್ನು ಎಷ್ಟು ದಿನ ಹಚ್ಚಿದಿರಿ ಎಂದು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ವೈದ್ಯರ ಅರ್ಧ ಪ್ರಶ್ನೆ ಮುಗಿಯುತ್ತದೆ. ಮನೆಯಲ್ಲಿ ಇನ್ನೂ ಯಾರಿಗಿದೆ ಎಂಬುದನ್ನೂ ಮರೆಯದೆ ಹೇಳಿ, ಸಾಧ್ಯವಾದರೆ ಅವರನ್ನೂ ಕರೆದುಕೊಂಡೇ ಹೋಗಿ.